ಬಾವುಟ ಕೆಳಗಿಟ್ಟ ಬೆಳಿಗ್ಗೆ

ನಾನು ಕಡೂರಿನವನು. ಅಜ್ಜಂಪುರದ ಆಚೆ ರೈಲು ಹಳಿಯ ಮೇಲೆ ಮೂರು ವರ್ಷ ಕೂಲಿ ಮಾಡಿದೆ. ನನಗೆ ಕೆಲಸ ಕೊಟ್ಟಿದ್ದು ರೈಲ್ವೆಯಲ್ಲ, ಒಬ್ಬ ಗುತ್ತಿಗೆದಾರ. ಉಳಿದವರು ಹಳಿಯಡಿ ಜಲ್ಲಿ ತುಂಬುವಾಗ ನಾನು ಕೆಂಪು ಬಾವುಟ, ಸೀಟಿ ಹಿಡಿದು ದೂರದ ತಿರುವಿನಲ್ಲಿ ನಿಲ್ಲಬೇಕು. ರೈಲು ಕಂಡೊಡನೆ ಸೀಟಿ ಊದಬೇಕು. ಬಾವುಟದವನು ಬೇರೆ ಯಾವ ಕೆಲಸಕ್ಕೂ ಕೈಹಾಕಕೂಡದು ಎಂಬ ನಿಯಮವನ್ನು ಮೊದಲ ದಿನವೇ ಓದಿ ಹೇಳಿದ್ದರು.

ಡೀಸೆಲ್ ಎಂಜಿನ್ ಇದ್ದಾಗ ಬಲು ದೂರದಿಂದ ಸದ್ದು ಕೇಳುತ್ತಿತ್ತಂತೆ. ಕರೆಂಟಿನ ರೈಲು ಬಂದ ಮೇಲೆ ಹಾಗಿಲ್ಲ. ತಿರುವಿನ ಎರಡೂ ಬದಿಗೆ ಮಣ್ಣಿನ ದಿಬ್ಬ. ಗಾಳಿ ಆಚೆ ಬೀಸಿದರೆ ರೈಲು ಮೈಮೇಲೆ ಬರುವವರೆಗೂ ಏನೂ ಕೇಳಿಸದು. ಲಿಂಗದಹಳ್ಳಿ ಕಡೆಯ ಹೆಂಗಸೊಬ್ಬಳು ನಮ್ಮ ಜೊತೆಗಿದ್ದಳು. ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಬುಟ್ಟಿ ತುಂಬುತ್ತಲೇ ಆಗಾಗ ತಲೆ ಎತ್ತಿ ನನ್ನನ್ನು ಹುಡುಕುತ್ತಿದ್ದಳು. "ನೀನಲ್ಲಿ ನಿಂತಿದ್ರೇನೇ ನಂಗೆ ಕೈ ಆಡೋದು ಕಣೋ" ಎಂದಿದ್ದಳು.

ಒಂದು ಬೆಳಿಗ್ಗೆ ಇಬ್ಬರು ಕೆಲಸಕ್ಕೆ ಬರಲಿಲ್ಲ. ಗುತ್ತಿಗೆದಾರನ ಮೇಸ್ತ್ರಿ ನನ್ನ ಹತ್ತಿರ ಬಂದ.

"ಲೇ, ಇಲ್ಲಿ ಸುಮ್ನೆ ನಿಂತ್ಕಂಡು ಏನ್ ಮಾಡ್ತೀಯ? ಬಂದು ಹಾರೆ ಹಿಡಿ."

"ಬಾವುಟ ಬಿಟ್ಟು ಬರಂಗಿಲ್ವಲ್ಲ ಸಾರ್?"

"ಈಗ ರೈಲಿಲ್ಲ ಕಣೋ. ಸ್ಟೇಷನ್ನಿಗೆ ಫೋನ್ ಮಾಡಿ ಕೇಳಿದೀನಿ."

ಅವನು ಫೋನ್ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆದರೂ ಬಾವುಟ ಸುತ್ತಿ ಕೆಳಗಿಟ್ಟು ಅವನ ಹಿಂದೆ ಹೋದೆ. ನನ್ನನ್ನು ನೋಡಿ ಅಕ್ಕನ ಕೈ ನಿಂತಿತು.

"ನೀನಿಲ್ಲಿಗ್ ಬಂದ್ರೆ ಅಲ್ಯಾರವ್ರೆ?"

ಮೇಸ್ತ್ರಿ ಆಚೆ ಮುಖ ತಿರುಗಿಸಿ ಬೀಡಿ ಹಚ್ಚಿದ. ನಾವು ಕೆಲಸಕ್ಕೆ ಬಗ್ಗಿದೆವು. ಪ್ರತಿ ಸಲ ಹಾರೆ ಎತ್ತುವಾಗಲೂ ನನಗೆ ಬೆನ್ನ ಹಿಂದೆ ಏನೋ ಇದ್ದಂತೆ ಅನ್ನಿಸುತ್ತಿತ್ತು. ತಿರುಗಿ ನೋಡಿದರೆ ಖಾಲಿ ಹಳಿ, ಬಿಸಿಲು.

ಅರ್ಧ ಗಂಟೆಯಾಗಿರಬೇಕು. ಬೂಟಿನಡಿ ಹಳಿ ಸಣ್ಣಗೆ ಅದುರಿತು. ಹಾರ್ನ್ ಮತ್ತು ರೈಲು ಒಟ್ಟಿಗೇ ಬಂದವು. "ಬಂತು!" ಎಂದು ಕಿರುಚಿದ ಅಕ್ಕ ನನ್ನನ್ನು ಎರಡೂ ಕೈಯಿಂದ ದಬ್ಬಿದಳು. ಎಲ್ಲರೂ ಇಳಿಜಾರಿಗೆ ಉರುಳಿದೆವು. ಹಳಿಯ ಮೇಲೆ ಉಳಿದ ನನ್ನ ಹಾರೆಗೆ ಎಂಜಿನ್ ಬಡಿಯಿತು. ಹಾರಿಬಂದ ಹಾರೆ ಅಕ್ಕನ ಮೊಣಕಾಲನ್ನು ಮುರಿಯಿತು.

ಅವಳನ್ನು ತರೀಕೆರೆ ಆಸ್ಪತ್ರೆಗೆ ಸಾಗಿಸಿದರು. ಸಂಜೆ ಮೇಸ್ತ್ರಿ ಒಂದು ಕಾಗದ ತಂದ. ಬಾವುಟದವನು ಜಾಗದಲ್ಲೇ ಇದ್ದ, ಸೀಟಿ ಊದಿದ, ಹೆಂಗಸಿಗೆ ಕೇಳಿಸಲಿಲ್ಲ ಎಂದು ಬರೆದಿತ್ತು. "ನಿನ್ ಕೆಲ್ಸಾನೂ ಉಳೀತದೆ, ಹಾಕು" ಎಂದ. ಸಹಿ ಹಾಕಿಬಿಟ್ಟೆ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಅಕ್ಕ ಸಿಟ್ಟಾಗಲಿಲ್ಲ. ನಿಜವಾಗಿಯೂ ಅನುಮಾನ ಬಂದವಳಂತೆ ಕೇಳಿದಳು: "ನೀನು ನನ್ ಪಕ್ಕದಲ್ಲೇ ಇದ್ದಂಗೆ ನೆಪ್ಪು. ಆದ್ರೆ ತಿರುವಲ್ಲೇ ನಿಂತು ಸೀಟಿ ಊದಿದ್ಯಂತೆ. ಏಟಿಗೆ ನಂಗೇ ನೆಪ್ಪು ಕೆಟ್ಟೈತೆ, ಕಿವೀನೂ ಮಂದ ಆಗೈತೆ ಅಂತಾವ್ರೆ. ಹೌದೇನಪ್ಪಾ?"

ನಾನು ಎದ್ದೆ. ಹೊರಗೆ ಬಂದವನು ಸೀದಾ ರೈಲ್ವೆ ಎಂಜಿನಿಯರ್ ಬಳಿ ಹೋಗಿ, ಸಹಿ ನನ್ನದೇ, ಬರೆದದ್ದು ಸುಳ್ಳು ಎಂದೆ. ಅವರು ಮತ್ತೊಂದು ಹಾಳೆ ತೆಗೆದು ಬರೆದುಕೊಂಡರು.

ಮೇಸ್ತ್ರಿಯ ಕೆಲಸ ಹೋಯಿತು, ನನ್ನದೂ ಹೋಯಿತು. ಗುತ್ತಿಗೆದಾರ ಬೇರೆ ಮೇಸ್ತ್ರಿಯನ್ನು ಇಟ್ಟುಕೊಂಡು ಅದೇ ತಿರುವಿನಲ್ಲಿ ಕೆಲಸ ಮುಂದುವರಿಸಿದ. ನಾನು ಮೊದಲು ಸುಳ್ಳಿಗೆ ಸಹಿ ಹಾಕಿದ್ದು ಅಕ್ಕನಿಗೂ ತಿಳಿಯಿತು. ಅವಳು ಈಗ ಕೋಲೂರಿ ನಡೆಯುತ್ತಾಳೆ. ಹೋದರೆ ಕಾಫಿ ಕೊಡುತ್ತಾಳೆ, ಮನೆಯವರನ್ನೆಲ್ಲ ವಿಚಾರಿಸುತ್ತಾಳೆ. ಆ ದಿನದ ಮಾತು ತೆಗೆದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.