ಏಕಾಂತಪ್ಪನ ಮಳೆ ಫ್ಲಾಪಿ

ಏಕಾಂತಪ್ಪ ಕಳೆದ ಮಂಗಳವಾರ ಸತ್ತ. ಮಣ್ಣಿಗೆ ಕುಮಾರ್ ದೊಡ್ಡ ಹಾರ ಕಳಿಸಿದ್ದ. ಅದನ್ನು ನಾನು ದನದ ಮುಂದೆ ಹಾಕಿದೆ.

ಬಣಕಲ್ ಹತ್ತಿರ ಕುಮಾರನ ಮನೆಯವರ ಕಾಫಿ ಎಸ್ಟೇಟಿನಲ್ಲಿ ಏಕಾಂತಪ್ಪ ಹತ್ತೊಂಬತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದ. ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಇಂಚು-ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚಿನಂತೆ, ಬರೆಯುತ್ತಿದ್ದ. ಕುಮಾರನ ಅಜ್ಜ ಶುರು ಮಾಡಿದ ಮಳೆ ಪುಸ್ತಕಕ್ಕೆ ಗೆದ್ದಲು ಹಿಡಿದಾಗ, 2003ರಲ್ಲಿ, ಐವತ್ತೊಂದು ವರ್ಷದ ಮಳೆಯನ್ನೆಲ್ಲ ಆಫೀಸಿನ ಕಂಪ್ಯೂಟರಿಗೆ ಹಾಕಿದ. ನಾಲ್ಕು ತಿಂಗಳು ಹಿಡಿಯಿತು. ಪುಸ್ತಕ ಒಲೆಗೆ ಹೋಯಿತು.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್. ಅದರಲ್ಲಿ ಫ್ಲಾಪಿ ತೆಗೆಯುವ ಮೊದಲು ಅನ್‌ಮೌಂಟ್ ಅಂತ ಮಾಡಿ ಬಿಡಿಸಬೇಕು. ಕಾಪಿ ಆಯಿತೆಂದು ಪರದೆ ತೋರಿಸಿದರೂ, ಬಿಡಿಸುವ ತನಕ ಫ್ಲಾಪಿಯ ಮೇಲೆ ಬರೆದಿರುತ್ತದೆ ಎಂಬ ಖಾತ್ರಿಯಿಲ್ಲ.

ಬೆಳೆಗಾರರ ಸಭೆಯಲ್ಲಿ ಆ ಮಳೆ ಲೆಕ್ಕ ತೋರಿಸುವ ದಿನ ಕುಮಾರ್ ಫ್ಲಾಪಿ ಒಯ್ಯಲು ಅವಸರದಲ್ಲಿ ಬಂದ.

“ತೆಗೀಬೇಡಿ ಕುಮಾರಣ್ಣ, ಇನ್ನೂ ಬಿಡಿಸಿಲ್ಲ.”

“ಕಾಪಿ ಆಗಿದೆ ಅಂತ ಕಾಣ್ತಾ ಇದ್ಯಲ್ಲ ಮಾರಾಯ! ನಿಂದು ಯಾವಾಗ್ಲೂ ಮಡಿ.”

ಎಳೆದುಕೊಂಡು ಹೋದ. ಸಭೆಯಲ್ಲಿ ತೆರೆದರೆ ಫ್ಲಾಪಿಯಲ್ಲಿ ಏನೂ ಇಲ್ಲ. ಅವನಪ್ಪ ರುದ್ರಪ್ಪನವರು ಎಲ್ಲರ ಮುಂದೆ, “ನಾಲ್ಕು ತಿಂಗಳು ನಮ್ಮ ರೈಟರು ನಿದ್ದೆ ಟೈಪ್ ಮಾಡಿದ್ದಾರೆ” ಅಂದರು. ಸಭೆ ನಕ್ಕಿತು. ಕುಮಾರನೂ ನಕ್ಕ. ಸಂಜೆ ಕಂಪ್ಯೂಟರನ್ನೇ ಅಳಿಸಿ ವಿಂಡೋಸ್ ಹಾಕಿಸಿದ. ಮರುದಿನ ಏಕಾಂತಪ್ಪನನ್ನು ಗೇಟಿನಲ್ಲೇ ತಡೆದರು. ಮತ್ತೆ ಯಾವ ಎಸ್ಟೇಟೂ ಅವನನ್ನು ಸೇರಿಸಿಕೊಳ್ಳಲಿಲ್ಲ. ಮೂಡಿಗೆರೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ.

ಅವನ ಮನೆಯಲ್ಲಿ ಅದೇ ಮಳೆಯ ಇನ್ನೊಂದು ಫ್ಲಾಪಿ ಇತ್ತು, ಸರಿಯಾಗಿ ಬಿಡಿಸಿ ತಂದದ್ದು. ಥಂಡಿ ಹಿಡಿಯದಂತೆ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದ. ಸಭೆಗೆ ತೋರಿಸು ಅಂದೆ.

“ಕುಮಾರಣ್ಣನೇ ಬರ್ತಾನೆ ನೋಡು. ಹೋದ ಮಳೇನ ಮತ್ತೆ ಅಳೆಯೋಕಾಗಲ್ಲ.”

ಫ್ಲಾಪಿ ಇದೆಯೆಂಬ ಸುದ್ದಿಯನ್ನು ಮಾತ್ರ ತಾನೇ ಊರೆಲ್ಲ ಹಬ್ಬಿಸಿದ. ಇಪ್ಪತ್ತೊಂದು ವರ್ಷದ ಮೇಲೆ ಕುಮಾರ್ ಬಂದ. ಮನೆತನದ ಪುಸ್ತಕ ಮಾಡಿಸುತ್ತಿದ್ದನಂತೆ, ಅಜ್ಜನ ಮಳೆ ಬೇಕಂತೆ.

“ಕೊಡ್ತೀನಿ. ‘ಎಳೆದದ್ದೂ ನಾನು, ಅಳಿಸಿದ್ದೂ ನಾನು’ ಅಂತ ನೀವು ಸಭೆಯಲ್ಲಿ ಹೇಳಿ.”

“ಹಳೇ ಮಾತು ಯಾಕೆ ಮಾರಾಯ್ರೇ? ಅಪ್ಪನೇ ಇಲ್ಲ ಈಗ.”

“ನಕ್ಕೋರು ಇನ್ನೂ ಇದ್ದಾರಲ್ಲ.”

ಮುಂದಿನ ಸಭೆಯಲ್ಲಿ ಹೇಳುತ್ತೇನೆಂದು ಒಪ್ಪಿ ಹೋದ. ಆ ಸಭೆ ಕಳೆದ ಸೋಮವಾರ, ಏಕಾಂತಪ್ಪ ಸಾಯುವ ಹಿಂದಿನ ದಿನ, ನಡೆಯಿತು. ಅಷ್ಟರಲ್ಲಿ ಅವನು ಹಾಸಿಗೆ ಹಿಡಿದಿದ್ದ. ನಾನು ಹೋಗಿ ಹಿಂದೆ ಕೂತೆ. ಕುಮಾರ್ ಅಜ್ಜನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ. ಇದೊಂದನ್ನು ಹೇಳಲಿಲ್ಲ.

ಬಂದು ತಿಳಿಸಿದೆ. ಏಕಾಂತಪ್ಪ ಎದ್ದು ದಿಂಬಿಗೆ ಒರಗಿ ನನ್ನ ಲ್ಯಾಪ್‌ಟಾಪಿಗೆ ಫ್ಲಾಪಿ ಡ್ರೈವ್ ಹಾಕಿಸಿದ. ಅರವತ್ತೆಂಟರ ಏಪ್ರಿಲ್ ತೆರೆದು ಕಾಫಿ ಹೂ ಅರಳಿಸುವ ಹೂಮಳೆಯ ಅಂಕಿ ಓದಿದ: ಒಂದು ಇಂಚು ನಲವತ್ತು ಸೆಂಟು. ಆಮೇಲೆ ಡ್ರೈವಿನಲ್ಲಿದ್ದಂತೆಯೇ ಫ್ಲಾಪಿ ಬಿಡಿಸಿ, ಅದರ ತುಂಬ ಬರೀ ಸೊನ್ನೆ ಬರೆಯುವ ಆಜ್ಞೆ ಕೊಟ್ಟ. ಡ್ರೈವ್ ಕರಕರ ಅಂದಿತು. ಐವತ್ತೊಂದು ವರ್ಷದ ಮಳೆ ಒಂದೆರಡು ನಿಮಿಷದಲ್ಲಿ ಹೋಯಿತು.

“ತೆಗೀಲಾ?” ಅಂದೆ.

“ಇರು ಮಾರಾಯ, ಡ್ರೈವಿನ ದೀಪ ಆರಲಿ.”

ಆರಿತು. ತಾನೇ ಎಳೆದು ತೆಗೆದ. ಚೀಟಿಯ ಮೇಲೆ ‘ಕುಮಾರಣ್ಣನವರಿಗೆ, ಸಭೆಯಲ್ಲಿ ತೆರೆಯಲು’ ಎಂದು ಬರೆದು, ಅಂಟಿಸಿ, ನನ್ನ ಕೈಗೆ ಕೊಟ್ಟ.