ಪ್ಲಗ್ ಕಿತ್ತವಳು

ಮನುಕಾವ್ ಬಂದರಿನ ನೀರಿನಾಚೆ ಎಲ್ಲೋ ಗುಡುಗಿತು. ಆಕ್ಲೆಂಡಿನ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಅದು ಕೇಳಿಸಿದ್ದು ನನಗೊಬ್ಬಳಿಗೇ. ಎದ್ದವಳೇ ಕಂಪ್ಯೂಟರಿನ ಪ್ಲಗ್ ಕಿತ್ತೆ. ಅದರ ಮುಂದೆ ಕೂತು ಏನೋ ಆಡುತ್ತಿದ್ದ ಮಗಳು ಕಿರುಚಿದಳು: "ಅಮ್ಮಾ, ನೋಬಡಿ ಡಸ್ ದಿಸ್! ಸರ್ಜ್ ಪ್ರೊಟೆಕ್ಟರ್ ಇದೆ, ಓಕೆ?"

ಇದೆ, ಇಲ್ಲವೆಂದವರ್ಯಾರು? ಕರೆಂಟಿನ ಸಣ್ಣಪುಟ್ಟ ಏರಿಳಿತವನ್ನು ಅದು ತಡೆಯುತ್ತದೆ. ತಡೆದು ತಡೆದು ಒಂದು ದಿನ ತಾನೇ ಸೋಲುತ್ತದೆ. ಅದರ ಮೂಲೆಯ ಹಸಿರು ದೀಪ ಆರಿಹೋಗುತ್ತದೆ, ಕರೆಂಟು ಮಾತ್ರ ಏನೂ ಆಗದವರ ಹಾಗೆ ಹರಿಯುತ್ತಲೇ ಇರುತ್ತದೆ. ನಿಮ್ಮ ಮನೆಯ ಆ ದೀಪವನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ, ಹೇಳಿ? ಸೋಫಾದ ಹಿಂದೆ ಧೂಳು ತಿನ್ನುತ್ತ ಬಿದ್ದಿರುವುದನ್ನು ನಂಬಿ ಕೂರುವವರು ಕೂರಲಿ. ನನ್ನನ್ನು ನೋಡಿ ಆಫೀಸಿನವರು ನಗುತ್ತಾರೆ, ಗಂಡನೂ ನಗುತ್ತಾನೆ. ನಗಲಿ, ನನ್ನ ಗಂಟೇನು ಹೋಗುತ್ತದೆ?

ಈ ಚಾಳಿ ನನಗೆ ಅಂಟಿಸಿದವಳು ಜಬೀನಾ. ಓದುವಾಗ ಇದೇ ಊರಿನ ಪಾಪಕುರಾದಲ್ಲಿ ನನ್ನ ಫ್ಲಾಟ್‌ಮೇಟ್, ಧಾರವಾಡದವಳು. ಅವಳಪ್ಪನ ಝೆರಾಕ್ಸ್ ಅಂಗಡಿಯ ಕಂಪ್ಯೂಟರು ಒಂದು ಸಂಜೆ ಸಿಡಿಲಿಗೆ ಸುಟ್ಟು ಕರಕಲಾಗಿತ್ತಂತೆ. ಹಾಗಾಗಿ ಮೋಡ ಕವಿದರೆ ಸಾಕು, ಹೇಳದೆ ಕೇಳದೆ ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವಳು. ಸ್ವಿಚ್ ಆರಿಸಿದರೆ ಸಾಲದೇ ಎಂದರೆ, "ಸ್ವಿಚ್ಚಿಗೆ ಸಿಡ್ಲು ಅಂಜತೈತೇನ? ಜಿಗದು ಬರತೈತಿ. ಇಂಟರ್ನೆಟ್ ಕೇಬಲ್ಲೂ ತಗಿ!" ಎನ್ನುವಳು. ಆಕ್ಲೆಂಡಿನಲ್ಲಿ ಗುಡುಗು ಅಪರೂಪ, ಆದರೆ ಮೋಡಕ್ಕೆ ಬರವಿಲ್ಲ. ರೈಸ್ ಕುಕ್ಕರಿನ ಪ್ಲಗ್ಗೂ ಹೋಗಿ, ಅರ್ಧ ಬೆಂದ ಅನ್ನ ತಿನ್ನುವುದು ನಮಗೆ ರೂಢಿಯಾಗಿತ್ತು.

ಒಂದು ಶನಿವಾರ ವಿಡಿಯೊ ಕಾಲಿನಲ್ಲಿ ನನ್ನ ಹೆಣ್ಣು ನೋಡುವ ಶಾಸ್ತ್ರ. ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನ ಪಕ್ಕ ಹುಡುಗನ ಕಡೆಯವರು. ಇಲ್ಲಿ ನಾನು, ಕ್ಯಾಮೆರಾಕ್ಕೆ ಕಾಣುವಷ್ಟು ರೇಷ್ಮೆ ಕುರ್ತಾ, ಕಾಣದ ಕಡೆ ಟ್ರ್ಯಾಕ್ ಪ್ಯಾಂಟು. ಅದೇ ಕಂಪ್ಯೂಟರಿನಲ್ಲಿ ನನ್ನ ಅರೆಮುಗಿದ ಥೀಸಿಸ್ಸೂ ಇತ್ತು. ಬೇರೆ ಪ್ರತಿ ಇರಲಿಲ್ಲ, ನಾನು ಅಷ್ಟು ಜಾಣೆ.

ಹುಡುಗನ ತಾಯಿ ಅಕ್ಕರೆಯಿಂದಲೇ ಹೇಳಿದರು: "ಓದು ಅರ್ಧಕ್ಕೆ ನಿಂತ್ರೂ ಪರವಾಗಿಲ್ಲಮ್ಮ. ಶ್ರಾವಣಕ್ಕೆ ಬಂದ್ಬಿಡು. ನಮ್ಮನೇಲಿ ಹೆಣ್ಮಕ್ಕಳು ದುಡಿದು ಆಗ್ಬೇಕಾದ್ದೇನಿಲ್ಲ."

ಅಪ್ಪ ತಲೆಯಾಡಿಸುತ್ತಿದ್ದರು. ನಿಜ ಹೇಳುತ್ತೇನೆ, ನಾನೂ ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡ ಜಬೀನಾ ನುಗ್ಗಿ ಬಂದು ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಳು. ತೆರೆ ಕಪ್ಪಾಯಿತು. "ಗುಡುಗು ಬೇ," ಎಂದಳು, ಅಷ್ಟೇ. ನನಗಂತೂ ಕೇಳಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬೀದಿಯ ಕಂಬಕ್ಕೇ ಸಿಡಿಲು ಬಡಿಯಿತು. ಪಕ್ಕದ ಮನೆಯ ಟಿವಿ ಸುಟ್ಟಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ನಮ್ಮ ಕಿಟಕಿಯವರೆಗೂ ಬಂದಿತ್ತು. ನನ್ನ ಕಂಪ್ಯೂಟರಿಗೆ ಏನೂ ಆಗಲಿಲ್ಲ.

ಆಮೇಲೆ ಅಪ್ಪನ ಫೋನು. "ಹಿರಿಯರು ಮಾತಾಡ್ತಿರೋವಾಗ ಕಟ್ ಮಾಡೋದಾ? ಕ್ಷಮೆ ಕೇಳು ಅವರನ್ನ."

"ಕೇಳಲ್ಲ ಅಪ್ಪ. ಓದು ಮುಗಿಸ್ತೀನಿ."

ಅಪ್ಪನಿಗೆ ನಾನು ಎದುರಾಡಿದ್ದು ಅದೇ ಮೊದಲು. ಕಪ್ಪು ತೆರೆಯ ಮುಂದೆ ಸುಮ್ಮನೆ ಕೂತಿದ್ದ ಆ ಹೊತ್ತು ಎಲ್ಲಿಂದಲೋ ಧೈರ್ಯ ತಂದಿತ್ತು. ಸಂಬಂಧ ಮುರಿಯಿತು, ಥೀಸಿಸ್ ಮುಗಿಯಿತು. ಇವತ್ತಿಗೂ ಅದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಜಬೀನಾ ಈಗ ಟೌರಂಗಾದಲ್ಲಿ ನರ್ಸು. ಇವತ್ತು ಪ್ಲಗ್ ಕಿತ್ತ ಕೈಯಲ್ಲೇ ಅವಳಿಗೆ ಫೋನ್ ಮಾಡಿದೆ. "ಅವತ್ತು ಆ ಗುಡುಗು ನಿಂಗೊಬ್ಳಿಗೇ ಹೇಗೆ ಕೇಳಿಸ್ತು ಕಣೇ?"

ಅವಳು ಬಿದ್ದು ಬಿದ್ದು ನಕ್ಕಳು. "ಯಾವ ಗುಡುಗು ಬೇ? ಅದು ಬಂದದ್ದು ಆಮ್ಯಾಲ. ನನಗ ಕೇಳಿಸಿದ್ದು ಆ ಆಂಟಿ ಮಾತು. ನೀ ಹೂಂ ಅನ್ನಾಕ ಬಾಯಿ ತಗದಿದ್ದಿ, ಅದನ್ನ ನೋಡಿದ್ನಿ."

ಫೋನಿಟ್ಟು ಕಪ್ಪು ತೆರೆಯ ಮುಂದೆ ಕೂತೆ. ಮಗಳು ಮುಖ ಊದಿಸಿಕೊಂಡು ಬಂದಳು. "ಕ್ಯಾನ್ ಐ ಪ್ಲಗ್ ಇಟ್ ಬ್ಯಾಕ್ ನೌ?"

"ಇನ್ನೂ ಇಲ್ಲ. ಬಾ, ಕೂತ್ಕೋ," ಎಂದೆ. "ಪ್ಲಗ್ ಯಾವಾಗ ಕೀಳ್ಬೇಕು ಅಂತ ಹೇಳ್ಕೊಡ್ತೀನಿ."