ಕಣ್ಣಿಗೊಂದು ಸರ, ಕತ್ತಿಗೊಂದು ಸರ

ಆಭರಣದಂಗಡಿಯ ಎಡಗಡೆ ಗಾಜಿನ ಕೌಂಟರ್ ಕಟ್ಟೆಯ ಹಿಂದೆ ನಿಲ್ಲುವ ಅವನನ್ನು ಇಡೀ ಬೀದಿ ಚೈನಣ್ಣ ಎಂದೇ ಕರೆಯುತ್ತದೆ. ಬಳೆ, ಉಂಗುರ, ಓಲೆಗಳಿಗೆ ಅವನು ಕೈ ಹಾಕುವುದಿಲ್ಲ. ಅವನದು ಸರ ಮಾತ್ರ. ಸರದಲ್ಲೂ ನುಣ್ಣಗಿರುವುದೆಂದರೆ ಅವನಿಗೆ ಅಷ್ಟಕ್ಕಷ್ಟೆ. "ನುಣುಪು ಸರಾನ ಯಾರು ಬೇಕಾದ್ರೂ ಮಾರ್ತಾರೆ ಬಿಡಿ" ಎಂದು ಮೂಗು ಮುರಿಯುತ್ತಾನೆ. ಹಗ್ಗದಂತೆ ಹೊಸೆದದ್ದು, ತೆನೆಯಂತೆ ಹೆಣೆದದ್ದು, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮೈಯೆಲ್ಲ ತಗ್ಗುದಿಣ್ಣೆ ಮಾಡಿದ್ದು, ಒಂದೊಂದು ಕೊಂಡಿಗೂ ವಜ್ರಕ್ಕೆ ಕೊರೆಯುವಂತೆ ಪುಟ್ಟ ಪುಟ್ಟ ಮುಖ ಕೊರೆದು ಮಿಂಚಿಸಿದ್ದು, ಇಂಥವನ್ನು ಕೈಗೆತ್ತಿಕೊಂಡನೆಂದರೆ ಮುಗಿಯಿತು, ಅವನ ಬಾಯಿಗೆ ಬೀಗವೇ ಇಲ್ಲ.

ಮಾರಿದ ಮೇಲೂ ಗಿರಾಕಿಯನ್ನು ಸುಮ್ಮನೆ ಬಿಡುವವನಲ್ಲ. ಹೆಣ್ಣು ಕೊಟ್ಟ ತಂದೆಯ ಹಾಗೆ ಬಾಗಿಲವರೆಗೂ ಬಂದು ಬುದ್ಧಿ ಹೇಳುತ್ತಾನೆ. "ಮೊದಲು ಅತ್ತರು, ಆಮೇಲೆ ಸರ. ಉಲ್ಟಾ ಮಾಡಿದ್ರೆ ಬೆಳ್ಳಿ ಕಪ್ಪಾಗುತ್ತೆ, ಆಮೇಲೆ ನನ್ನ ಬೈಬೇಡಿ. ಹಲ್ಲುಜ್ಜೋ ಪೇಸ್ಟು ಹಾಕಿ ತಿಕ್ಕಬೇಡಿ, ಅದು ಸರ, ಹಲ್ಲಲ್ಲ. ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮಕ್ಕಳ ಬ್ರಷ್ಷು, ಅಷ್ಟೇ ಸಾಕು. ಒಂದು ಚೀಲಕ್ಕೆ ಒಂದೇ ಸರ. ಎರಡು ಸರಾನ ಒಟ್ಟಿಗೆ ಇಟ್ರೆ ಓರಗಿತ್ತಿಯರ ಥರ ಒಂದರ ಜುಟ್ಟು ಇನ್ನೊಂದು ಹಿಡೀತವೆ."

ಅವನು ಆರಿಸುವ ರೀತಿಯನ್ನು ನೋಡಲೆಂದೇ ಕೆಲವರು ಬರುತ್ತಿದ್ದರು. ಗಿರಾಕಿಯನ್ನು ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಿಸುತ್ತಿದ್ದ, ಒಂದು ಕಣ್ಣು ಕಿರಿದು ಮಾಡಿ ಗಲ್ಲದಿಂದ ಎದೆಯವರೆಗೆ ಅಳೆಯುತ್ತಿದ್ದ, ಆಮೇಲೆ ತಟ್ಟೆಯಿಂದ ಒಂದೇ ಒಂದು ಸರ ಎತ್ತಿ ಹಿಡಿಯುತ್ತಿದ್ದ. ದುಂಡು ಮುಖಕ್ಕೆ ಉದ್ದದ ಸರ, ನೀಳ ಕತ್ತಿಗೆ ದಪ್ಪ ಹೆಣಿಗೆಯ ಗಿಡ್ಡ ಸರ. ತಪ್ಪಿದ್ದೇ ಇಲ್ಲ ಎಂಬುದು ಅವನ ಜಂಭ. ಕನ್ನಡಿ ನೋಡಿಕೊಂಡವರೂ ಹೌದು ಹೌದು ಎನ್ನುತ್ತಿದ್ದರು, ಹಾಗಾಗಿ ಜಂಭ ಇಳಿಯಲು ಕಾರಣವೂ ಇರಲಿಲ್ಲ.

ಅವನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಬೀದಿಯವರಿಗೆ ಟೈಲರಮ್ಮ. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಮಷೀನು, ಅದರ ಪಕ್ಕ ಬಟ್ಟೆಯ ರಾಶಿ, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಅಂಗಿಗಳು. ಬೆಳಗಿನ ಬೆಳಕು ಬಂದ ಕ್ಷಣದಿಂದ ಅದು ಹೋಗುವವರೆಗೂ ಆಕೆಯ ತಲೆ ಬಗ್ಗಿಯೇ ಇರುತ್ತದೆ. ಮನೆಯಲ್ಲಿ ಏನಾದರೊಂದು ಒಳ್ಳೆಯದಾದಾಗಲೆಲ್ಲ ಚೈನಣ್ಣ ಆಕೆಗೊಂದು ಬೆಳ್ಳಿ ಸರ ತರುತ್ತಿದ್ದ. ಮಷೀನು ಕೊಂಡಾಗ ಒಂದು, ಮಗಳಿಗೆ ಕೆಲಸ ಸಿಕ್ಕಾಗ ಒಂದು, ಸೋರುವ ಸೂರು ರಿಪೇರಿಯಾದಾಗ ಇನ್ನೊಂದು. ಪ್ರತಿಸಲವೂ ಆಕೆ "ತುಂಬಾ ಚೆನ್ನಾಗಿದೆ ಕಣ್ರೀ" ಎನ್ನುತ್ತಿದ್ದಳು, ಕೂಡಲೇ ಹಾಕಿಕೊಳ್ಳುತ್ತಿದ್ದಳು. ಕೆಲವು ದಿನ ಕಳೆದು ನೋಡಿದರೆ ಕತ್ತು ಬೋಳು. "ಹಾಳಾಗಬಾರದು ಅಂತ ಜೋಪಾನವಾಗಿ ಎತ್ತಿಟ್ಟಿದೀನಿ" ಎಂದರೆ ಅವನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಚೈನಣ್ಣನ ಹೆಂಡತಿಗೆ ಜೋಪಾನ ಹೇಳಿಕೊಡಬೇಕೆ?

ಒಂದು ದಿನ ಅಂಗಡಿಯ ಯಜಮಾನಿ ಅವನನ್ನು ಒಳಗೆ ಕರೆದರು. ವಯಸ್ಸಾದ, ಕಡಿಮೆ ಮಾತಿನ ಹೆಂಗಸು. "ಜೀವಮಾನವೆಲ್ಲ ಊರವರ ಕತ್ತಿಗೆ ಚಿನ್ನ ಹಾಕಿದೀಯ. ನಿನ್ನ ಹೆಂಡತಿಗೆ ಅಂತ ಒಂದು ಆರಿಸ್ಕೋ. ಅಂಗಡಿ ಕಡೆಯಿಂದ. ಯಾವುದಾದ್ರೂ ಸರಿ" ಎಂದರು. ಚಿನ್ನ ಚೈನಣ್ಣನ ಕೈಯಲ್ಲಿ ದಿನವೂ ಹರಿದಾಡಿತ್ತೇ ಹೊರತು ಮನೆಯ ಹೊಸ್ತಿಲು ದಾಟಿರಲಿಲ್ಲ. ಅವನಿಗೆ ಒಂದೇ ಆಸೆ. ಈ ಸರ ಜೋಪಾನವಾಗಿ ಪೆಟ್ಟಿಗೆ ಸೇರಬಾರದು, ಆಕೆ ಅದನ್ನು ದಿನಾ ಹಾಕಿಕೊಂಡು ಓಡಾಡಬೇಕು, ತಾನು ಕೆಲಸದಿಂದ ಬಂದಾಗ ಅದು ಆಕೆಯ ಕತ್ತಿನಲ್ಲಿರಬೇಕು. ಮುಖ ಕೊರೆದ ಹಗ್ಗದ ಹೆಣಿಗೆಯೊಂದು ತಟ್ಟೆಯ ನಡುವೆ ಕಣ್ಣು ಕೋರೈಸುತ್ತಿತ್ತು. ಮನಸ್ಸಿನಲ್ಲಿ ಅದಕ್ಕೇ ಮುದ್ರೆ ಒತ್ತಿದ.

ಆದರೂ ಅವನು ಕಸುಬುದಾರ. ಹಳೆಯ ಬೆಳ್ಳಿ ಸರಗಳಲ್ಲಿ ಯಾವುದು ಹೆಚ್ಚು ಸವೆದಿದೆಯೋ ಅದೇ ಆಕೆಗೆ ಹೆಚ್ಚು ಇಷ್ಟವಾದದ್ದು ಎಂದು ಲೆಕ್ಕ ಹಾಕಿದ. ರಜೆಯ ಮಧ್ಯಾಹ್ನ ಆಕೆ ಎದುರು ಮನೆಗೆ ಅಳತೆ ತೆಗೆಯಲು ಹೋದಾಗ ಬೀರು ತೆರೆದ. ಚೀಲಗಳೂ ಇರಲಿಲ್ಲ, ಒಂದೊಂದಾಗಿ ನೇತುಹಾಕಿದ ಸರಗಳೂ ಇರಲಿಲ್ಲ. ಸೀರೆಗಳ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಗುಂಡಿ, ಹುಕ್ಕು, ತುಕ್ಕು ಹಿಡಿದ ಪಿನ್ನುಗಳ ನಡುವೆ ಅವನು ತಂದ ಸರಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು, ಕಪ್ಪಾಗಿ, ಒಂದೇ ಮುದ್ದೆಯಾಗಿದ್ದವು.

ಟೈಲರಮ್ಮ ಕತ್ತಿನಲ್ಲಿ ಟೇಪು ಹಾಕಿಕೊಂಡೇ ಒಳಗೆ ಬಂದಳು. ಗಂಡ ನೆಲದ ಮೇಲೆ ಕೂತಿದ್ದ. ಮುಂದೆ ಹಳೇ ಪೇಪರು, ಪೇಪರಿನ ಮೇಲೆ ಆ ಮುದ್ದೆ.

"ಒಂದನ್ನೂ ಹಾಕ್ಕೊಳ್ಳಲಿಲ್ಲ ಅಲ್ವಾ ನೀನು?"

ಆಕೆ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಹಾಕ್ಕೊಂಡಿದ್ದೆ."

"ಸುಮ್ನಿರು. ಊರಿಗೆಲ್ಲ ಒಂದು ಚೀಲಕ್ಕೆ ಒಂದು ಸರ ಅಂತ ಬಾಯಿ ಬಡ್ಕೋತೀನಿ. ನನ್ನ ಮನೇಲಿ ನೋಡು, ಗುಂಡಿ ಜೊತೆ!"

ಆಕೆ ಅಡುಗೆಮನೆಗೆ ಹೋದಳು. ಚೈನಣ್ಣ ಮುಖ ಊದಿಸಿಕೊಂಡು ಕೂತ. ಆದರೆ ಗಂಟು ಬಿದ್ದ ಸರವನ್ನು ಎದುರಿಗಿಟ್ಟುಕೊಂಡು ಸಿಟ್ಟು ಮುಂದುವರಿಸುವುದು ಅವನಿಂದಾಗದ ಕೆಲಸ, ಕೈ ತುರಿಸತೊಡಗುತ್ತದೆ. ಗಂಟಿಗೆ ಒಂದು ಹನಿ ಎಣ್ಣೆ ಬಿಟ್ಟು, ಎರಡು ಸೂಜಿ ಹಿಡಿದು ನಿಧಾನಕ್ಕೆ ಸಡಿಲಿಸುತ್ತ ಹೋದ. ಒಂದೊಂದೇ ಸರ ಬಿಟ್ಟುಕೊಂಡಿತು. ಬಟ್ಟಲಲ್ಲಿ ಸೋಪಿನ ನೀರು ಮಾಡಿ ಮೊದಲನೆಯದನ್ನು ಮೆಲ್ಲಗೆ ಬ್ರಷ್ಷಿನಿಂದ ಉಜ್ಜಿದ. ಹೆಣಿಗೆಯ ಸಂದಿನಿಂದ ಏನೋ ಹೊರಬಂತು. ಕೊಳೆ ಎಂದುಕೊಂಡ. ಬೆಳಕಿಗೆ ಹಿಡಿದರೆ ನೀಲಿ ನೂಲು.

"ಇದೇನೇ ಇದು, ನೀಲಿ ನೂಲು?"

ಆಕೆ ಬಾಗಿಲಿಗೆ ಬಂದು ನಿಂತಳು. "ಶಾಲೆ ಮಕ್ಕಳ ಯೂನಿಫಾರ್ಮು ಹೊಲಿದ್ನಲ್ಲ ಆ ವರ್ಷ. ಅದರದ್ದು."

ಇನ್ನೊಂದು ಸರದಿಂದ ಹಳದಿ ನೂಲು. ಅದು ಆಸ್ಪತ್ರೆಯ ಪರದೆಗಳದ್ದಂತೆ. ತೆನೆ ಹೆಣಿಗೆಯದರಲ್ಲಿ ಕೆಂಪು, ತಟ್ಟಿದ ಸರದ ಕೊಕ್ಕೆಯ ಬುಡದಲ್ಲಿ ಬಿಳಿ. ಎಲ್ಲದರಲ್ಲೂ ನೂಲಿನ ಜೊತೆಗೆ ಉದ್ದುದ್ದ ಕೂದಲು. ಬುಡಸಮೇತ ಕಿತ್ತು ಬಂದ ಕೂದಲು. ಚೈನಣ್ಣ ಅವನ್ನು ಪೇಪರಿನ ಮೇಲೆ ಸಾಲಾಗಿ ಇಡುತ್ತ ಹೋದ. ಇಡುತ್ತಿದ್ದಂತೆ ಅವನ ಸಿಟ್ಟು ಎಲ್ಲೋ ಕರಗಿ, ಇಂಗು ತಿಂದ ಮಂಗನ ಮುಖವಾಯಿತು.

"ಎಲ್ಲಾನೂ ಹಾಕ್ಕೊಂಡಿದೀಯ" ಎಂದ.

"ಹಾಕ್ಕೊಂಡೆ ಅಂದ್ನಲ್ಲ." ಆಕೆ ಪಕ್ಕದಲ್ಲಿ ಬಂದು ಕೂತಳು. "ಬಗ್ಗಿದ್ರೆ ಮುಂದೆ ಜೋತಾಡುತ್ತೆ, ಬಟ್ಟೆ ನೂಲು ಹಿಡ್ಕೊಳ್ಳುತ್ತೆ. ಒಂದು ಸಲ ರೇಷ್ಮೆ ಎಳೆದು ಇನ್ನೊಬ್ಬರ ಬಟ್ಟೆ ಹಾಳಾಗೋದಿತ್ತು. ತಲೆ ಎತ್ತಿದ್ರೆ ಹಿಂದೆ ಕೂದಲು ಕೀಳುತ್ತೆ. ತಡ್ಕೊಂಡು ನೋಡಿದೆ. ಆಗಲಿಲ್ಲ."

"ಹೇಳೋದಲ್ವಾ?"

"ತಂದುಕೊಡೋವಾಗ ನಿಮ್ಮ ಮುಖ ನೀವು ನೋಡ್ಕೊಂಡಿದೀರಾ? ಅದನ್ನ ನೋಡಿ ಯಾರಿಗೆ ಹೇಳೋಕೆ ಬಾಯಿ ಬರುತ್ತೆ?" ಆಕೆ ನಕ್ಕಳು. "ಚೆನ್ನಾಗಿದೆ ಅಂದಿದ್ದು ಸುಳ್ಳಲ್ಲ ಕಣ್ರೀ. ಕಣ್ಣಿಗೆ ಚೆನ್ನಾಗೇ ಇವೆ. ನೀವು ಯಾವಾಗ್ಲೂ ಎದುರು ನಿಂತು ನೋಡ್ತೀರ. ಕತ್ತಿನ ಹಿಂದೆ ಏನಾಗುತ್ತೆ ಅಂತ ಯಾವತ್ತು ನೋಡಿದೀರಿ?"

ಚೈನಣ್ಣನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆಕೆಯ ಮೇಲೆ ಪ್ರೀತಿ ಉಕ್ಕಿ ಬಂತು. ತನ್ನ ಮುಖದ ಒಂದು ಖುಷಿಗಾಗಿ ಈ ಹೆಂಗಸು ಎಷ್ಟೊಂದು ಕೂದಲು ಕೀಳಿಸಿಕೊಂಡಿದ್ದಾಳೆ! ಅವನು ಸರಗಳನ್ನು ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದ.

ಮರುದಿನ ಆಕೆಯನ್ನು ಅಂಗಡಿಗೆ ಕರೆದುಕೊಂಡು ಹೋದ. ಕಟ್ಟೆಯ ಹಿಂದೆ ಹೋಗಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಆಕೆಯ ಪಕ್ಕದಲ್ಲೇ ಕೂತ. ಯಜಮಾನಿಯೇ ಖುದ್ದಾಗಿ ತಟ್ಟೆಗಳನ್ನು ತೆಗೆದಿಟ್ಟರು. ಆರಿಸುವ ಕೆಲಸವನ್ನು ಹೆಂಡತಿಗೇ ಬಿಟ್ಟು ತುಟಿಪಿಟಕ್ಕೆನ್ನದೆ ಇರಬೇಕೆಂದು ದಾರಿಯುದ್ದಕ್ಕೂ ನಿರ್ಧಾರ ಮಾಡಿಕೊಂಡು ಬಂದಿದ್ದ.

ಟೈಲರಮ್ಮ ಕನ್ನಡಿಯ ಕಡೆ ತಿರುಗಲೇ ಇಲ್ಲ. ಸರವನ್ನು ಮೊದಲು ಮುಂಗೈಯ ಒಳಮೈಗೆ ಸವರಿದಳು. ಆಮೇಲೆ ಚೀಲದಿಂದ ರೇಷ್ಮೆಯ ಚೂರೊಂದನ್ನು ತೆಗೆದು ಅದರ ಮೇಲೆ ಎಳೆದಳು. ಅವನು ಮುದ್ರೆ ಒತ್ತಿದ್ದ ಮಿಂಚಿನ ಸರ ಎಳೆದ ಕೂಡಲೇ ರೇಷ್ಮೆಯನ್ನು ಕಚ್ಚಿಕೊಂಡಿತು. ಆಕೆ ಬಿಡಿಸಿ ಪಕ್ಕಕ್ಕಿಟ್ಟಳು. ಚೈನಣ್ಣ ನಾಲಿಗೆ ಕಚ್ಚಿಕೊಂಡ. ಪರೀಕ್ಷೆಯಲ್ಲಿ ಗೆದ್ದ ಸರಗಳನ್ನು ಕತ್ತಿಗೆ ಹಾಕಿಕೊಂಡು, ಸೂಜಿಗೆ ದಾರ ಪೋಣಿಸುವವಳಂತೆ ಕಟ್ಟೆಯ ಮೇಲೆ ಬಗ್ಗಿ ಬಗ್ಗಿ ನೋಡಿದಳು. ಕೊನೆಗೆ ತಟ್ಟೆಯ ಮೂಲೆಯಿಂದ ಗಿಡ್ಡನೆಯ ಒಂದು ಸರ ಎತ್ತಿದಳು. ಚಪ್ಪಟೆ ಕೊಂಡಿಗಳು, ಅಂಚೆಲ್ಲ ಗುಂಡಗೆ ತಿದ್ದಿದ್ದು, ಮೈಮೇಲೆ ಮಾತ್ರ ಸಣ್ಣ ಗೆರೆಗಳ ಒರಟು. ಹೊಳಪೆಂಬುದು ಹೆಸರಿಗೂ ಇರಲಿಲ್ಲ. ಬಗ್ಗಿದರೆ ಜೋತಾಡದೆ ಗಂಟಲ ಗುಳಿಯಲ್ಲೇ ಕೂತಿತು.

ನಿರ್ಧಾರ ಅಲ್ಲಿಗೆ ಮುರಿಯಿತು. "ಅದು ಮಂಕು ಕಣೇ. ಯಾರೂ ಕೇಳಲ್ಲ ಅದನ್ನ."

"ನೀನು ಯಾರಿಗೂ ತೋರಿಸಲ್ಲ, ಅದಕ್ಕೇ ಯಾರೂ ಕೇಳಲ್ಲ" ಎಂದರು ಯಜಮಾನಿ.

ಟೈಲರಮ್ಮ ಕೊಕ್ಕೆ ಹಾಕಲು ಅವನಿಗೆ ಬೆನ್ನು ತಿರುಗಿಸಿ ಕೂದಲನ್ನು ಎತ್ತಿ ಹಿಡಿದಳು. ಚೈನಣ್ಣ ಎದ್ದು ಆಕೆಯ ಹಿಂದೆ ನಿಂತ. ಜಡೆಯ ಬುಡದಲ್ಲಿ ಸಣ್ಣ ಕೂದಲುಗಳು, ಬಿಸಿಲು ಕಾಣದ ತಿಳಿ ಚರ್ಮ, ಸದಾ ಬಗ್ಗಿ ಬಗ್ಗಿ ಎದ್ದುಬಂದ ಒಂದು ಪುಟ್ಟ ಮೂಳೆ. ಇಷ್ಟು ವರ್ಷ ಜೊತೆಗಿದ್ದೂ ಅದನ್ನು ಅವನು ನೋಡಿರಲಿಲ್ಲ. ಒಂದೂ ಕೂದಲು ಸಿಕ್ಕದಂತೆ ಕೊಕ್ಕೆ ಹಾಕುವಷ್ಟರಲ್ಲಿ ಅವನ ಹಣೆ ಬೆವರಿತ್ತು.

"ಇದನ್ನ ಉಜ್ಜಬೇಡ" ಎಂದ, ಅಭ್ಯಾಸಬಲದಿಂದ. "ಉಜ್ಜಿದ್ರೆ ಗೆರೆಯೆಲ್ಲ ಸವೆದು ಹೊಳೆಯೋಕೆ ಶುರುವಾಗುತ್ತೆ. ಸುಮ್ನೆ ತೊಳೆದು ಒತ್ತಿ ಒರೆಸು."

"ಆಯ್ತು, ನಾನೂ ನಿಮ್ಮ ಗಿರಾಕಿ ಆದೆ ಬಿಡಿ."

ಆಮೇಲಿನ ದಿನಗಳಲ್ಲಿ ಅವನ ಕಳವಳ ನೋಡಬೇಕಿತ್ತು. ಸಂಜೆ ಬಾಗಿಲಿಗೆ ಬಂದವನು ಬೂಟು ಬಿಚ್ಚುವ ಮೊದಲೇ ಆಕೆಯ ಕತ್ತಿನ ಕಡೆ ಕಳ್ಳನೋಟ ಬೀರುತ್ತಿದ್ದ. ಸರ ಇರುತ್ತಿತ್ತು. ಆದರೂ ಧೈರ್ಯ ಬರುತ್ತಿರಲಿಲ್ಲ. ಹಿಂದಿನವೂ ಮೊದಲ ಕೆಲವು ದಿನ ಇದ್ದವಲ್ಲ? ಕೇಳಿದರೆ 'ಚೆನ್ನಾಗಿದೆ' ಎಂದೇ ಹೇಳುತ್ತಾಳೆ, ಆ ಮಾತನ್ನು ಇನ್ನು ನಂಬುವ ಹಾಗಿಲ್ಲ. ಅಂಗಡಿಯಲ್ಲೂ ಅವನ ವರಸೆ ಬದಲಾಯಿತು. ಗಿರಾಕಿಯನ್ನು ಹಿಂದಕ್ಕೆ ನಿಲ್ಲಿಸುವ ಮೊದಲು "ಏನು ಕೆಲಸ ಮಾಡ್ತೀರಿ ತಾಯಿ? ಬಗ್ಗೋ ಕೆಲಸಾನಾ?" ಎಂದು ಕೇಳತೊಡಗಿದ. ಸರ ಕೊಳ್ಳಲು ಬಂದರೆ ಮದುವೆ ಸಂಬಂಧ ವಿಚಾರಿಸುವವರ ಹಾಗೆ ಕೇಳುತ್ತಾನಲ್ಲ ಎಂದು ಜನ ನಕ್ಕರು. ನಗಲಿ ಎಂದು ಬಿಟ್ಟ.

ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ಚೀರಿದ ದನಿ ಕೇಳಿತು.

"ರೀ! ಸರ ಕಾಣ್ತಿಲ್ಲ!"

ಒಂದು ಬೂಟಿನಲ್ಲೇ ಓಡಿದ. ಟೈಲರಮ್ಮ ಹಾಸಿಗೆ ಎತ್ತಿ ಹಾಕಿದ್ದಳು, ದಿಂಬು ಕೊಡವಿದ್ದಳು, ಈಗ ಮಷೀನಿನ ಡ್ರಾಯರನ್ನೇ ಹೊರಗೆಳೆದು ಬಾಬಿನುಗಳನ್ನು ನೆಲಕ್ಕೆ ಸುರಿಯುತ್ತಿದ್ದಳು. ಮುಖ ಬಿಳಿಚಿಹೋಗಿತ್ತು. "ಸ್ನಾನಕ್ಕೆ ಹೋಗೋವಾಗ ತೆಗೆದಿಟ್ನೇನೋ, ಸೋಪಿನ ಹತ್ರಾನೂ ಇಲ್ಲ, ಕಿಟಕೀಲೂ ಇಲ್ಲ. ಅಯ್ಯೋ ದೇವರೇ, ಯಾವಾಗ ತೆಗೆದೆ ಅಂತಾನೇ ನೆನಪಾಗ್ತಿಲ್ಲ ಕಣ್ರೀ!"

ಚೈನಣ್ಣ ಆಕೆಯನ್ನು ನೋಡಿದ. ಸರ ಆಕೆಯ ಕತ್ತಿನಲ್ಲೇ ಇತ್ತು. ನಿದ್ದೆಯಲ್ಲಿ ಸ್ವಲ್ಪ ಸರಿದು, ಕೊಕ್ಕೆ ಪಕ್ಕಕ್ಕೆ ಬಂದು, ಗಂಟಲ ಗುಳಿಯಲ್ಲಿ ಕತ್ತಿಗೂ ಗೊತ್ತಾಗದಷ್ಟು ಹಾಯಾಗಿ ಕೂತಿತ್ತು.

ತಕ್ಷಣ ಹೇಳಬೇಕಿತ್ತು. ಹೇಳಲಿಲ್ಲ. ಬಾಗಿಲಿಗೆ ಒರಗಿ ನಿಂತುಬಿಟ್ಟ.

"ಕಂಬದ ಥರ ನಿಂತ್ಕೊಂಡಿದೀರಲ್ಲ! ಹುಡುಕ್ರೀ!"

"ಹುಡುಕು" ಎಂದ ಚೈನಣ್ಣ, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ. "ಇನ್ನೂ ಸ್ವಲ್ಪ ಹೊತ್ತು ಹುಡುಕು."